ಗುಬ್ಬಿ ಛಾಪ ಸೋಡಾದವರಿಗೆ, ನಮ್ಮ ಸೊಸೆಯ ಒಡವೆಗಳ ವಿಷಯವಾಗಿ

…ಹೀಗಾಗಿ, ಮಾನ್ಯರೇ, ನಿನ್ನೆ ಸಂಜೆ ಹೇಳುತ್ತಿದ್ದ ಮಾತಿಗೇ ಬರುತ್ತೇನೆ. ತಪ್ಪೆಲ್ಲ ತಮ್ಮದೇ ಎಂದು ನಾನು ಹೇಳುವುದಿಲ್ಲ. ಮುಕ್ಕಾಲು ಪಾಲು ತಮ್ಮದು. ನಿನ್ನೆ ಬರೆದ ಹಾಳೆ ತಮ್ಮ ಕೈ ಸೇರುವ ಹಾಗಿಲ್ಲ. ಮಸಿ ಒಣಗಲೆಂದು ಅದನ್ನು ತಮ್ಮದೇ ಟಾಫಿಯಿದ್ದ ತಾಟಿನ ಪಕ್ಕದಲ್ಲಿಟ್ಟಿದ್ದೆ, ಬೆಳಗಾಗುವಷ್ಟರಲ್ಲಿ ಎರಡೂ ಒಂದಾಗಿದ್ದವು, ಬಿಡಿಸಲು ಹೋದರೆ 'ಮಾನ್ಯರೇ' ಎಂಬುದು ಟಾಫಿಯ ಪಾಲಿಗೂ 'ನಮ್ರ ವಿನಂತಿ' ಎಂಬುದು ನನ್ನ ಹೆಬ್ಬೆರಳ ಪಾಲಿಗೂ ಹೋಯಿತು. ಆದಕಾರಣ ಗೌರವದ ಮಾತುಗಳನ್ನೆಲ್ಲ ಮತ್ತೊಮ್ಮೆ ಬರೆಯುತ್ತಿದ್ದೇನೆ. ಮುಂಬಯಿ ಮಹಾನಗರದ ಗುಬ್ಬಿ ಛಾಪ ಅಡಿಗೆ ಸೋಡಾ ಕಂಪನಿಯ ಘನತೆವೆತ್ತ ಮ್ಯಾನೇಜರ್ ಸಾಹೇಬರ ಸನ್ನಿಧಿಗೆ, ನಿಲಂಗಾ ಪೇಟೆಯ ಬಟ್ಟೆ ವ್ಯಾಪಾರಿ, ವಿಧುರ, ವಯಸ್ಸು ಐವತ್ತೊಂಬತ್ತು, ಮನ್ಮಥಪ್ಪ ಎಂಬವನು ತಲೆಬಾಗಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿರುವಿರೆಂದು ನಂಬುತ್ತೇನೆ. ತಮ್ಮ ಸೋಡಾ ಕ್ಷೇಮವಾಗಿದೆ ಎಂಬುದನ್ನಂತೂ ಕಣ್ಣಾರೆ ಕಂಡಿದ್ದೇನೆ.

ಇದನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕೆಂದು ಮೊದಲು ಕೂತಿದ್ದೆ. ಹೈದರಾಬಾದಿನಲ್ಲಿ ಎರಡು ವರ್ಷ ಇಂಟರ್‌ಮೀಡಿಯೇಟ್ ಓದಿದವನು ನಾನು. ಪರೀಕ್ಷೆಯೂ ನಾನೂ ಎರಡು ಸಲ ಒಬ್ಬರನ್ನೊಬ್ಬರು ನೋಡಿ ಎರಡು ಸಲವೂ ಒಪ್ಪಲಿಲ್ಲ, ಅದು ಬೇರೆ ಮಾತು. 'ರೆಸ್ಪೆಕ್ಟೆಡ್ ಸರ್, ಐ ಬೆಗ್ ಟು ಸ್ಟೇಟ್ ದಟ್' ಎನ್ನುವವರೆಗೆ ಕೈ ತಾನಾಗಿಯೇ ಓಡಿತು. ಅಲ್ಲಿಂದ ಮುಂದಕ್ಕೆ 'ಐ ಯಾಮ್ ಸಫರಿಂಗ್ ಫ್ರಮ್ ಫೀವರ್' ಎಂಬುದೊಂದೇ ಬರುತ್ತದೆ, ಏಕೆಂದರೆ ಕಾಲೇಜಿನಲ್ಲಿ ನಾನು ಬರೆದ ಇಂಗ್ಲಿಷ್ ಪತ್ರಗಳೆಲ್ಲ ರಜೆಯ ಅರ್ಜಿಗಳು. ತಮ್ಮ ಸೋಡಾದಿಂದ ನನಗೆ ಆದದ್ದು ಜ್ವರವಲ್ಲವಾದ್ದರಿಂದ ಕನ್ನಡಕ್ಕೆ ಬಂದೆ. ಕನ್ನಡದಲ್ಲಿ ಬರೆದರೆ ಮುಂಬಯಿಯವರು ಓದುತ್ತಾರೆಯೇ ಎಂದು ನನ್ನ ಮಗ ವೀರಭದ್ರ ಕೇಳಿದ. ಏಕೆ ಓದಬಾರದು? ಹೋದ ವರ್ಷದ ಹಿಂದಿನ ನವೆಂಬರಿನಲ್ಲಿ ಹೈದರಾಬಾದ್ ರಾಜ್ಯದಲ್ಲಿ ಮಲಗಿದ ನಾವು ಹಾಸಿಗೆಯನ್ನೂ ಸರಿಸದೆ ಬೆಳಿಗ್ಗೆ ಮುಂಬಯಿ ರಾಜ್ಯದಲ್ಲಿ ಎದ್ದೆವು. ನಮ್ಮ ಜಿಲ್ಲೆಯಾಗಿದ್ದ ಬೀದರ ಮೈಸೂರಿನ ಕಡೆ ಹೋಯಿತು, ನಾವು ತಮ್ಮ ಕಡೆ ಬಂದೆವು. ನಾವೇನು ಕೇಳಿಕೊಂಡು ಬಂದವರಲ್ಲ, ತಾವೂ ಕರೆದವರಲ್ಲ. ಆದರೂ ಒಂದು ಮನೆಯವರಾದ ಮೇಲೆ ಒಬ್ಬರ ಗೋಳನ್ನು ಒಬ್ಬರು ಕೇಳಲೇಬೇಕು. ಇದು ಬಹಿರಂಗ ಪತ್ರವಾದ್ದರಿಂದ ಇನ್ನೊಂದು ಪ್ರತಿಯನ್ನು ನಮ್ಮ ಅಂಗಡಿಯ ಬಾಗಿಲಿಗೆ ಅಂಟಿಸಲಿದ್ದೇನೆ. ಅಂಟಿಗೆ ಚಿಂತೆಯಿಲ್ಲ, ತಮ್ಮ ಟಾಫಿ ಇನ್ನೂ ಮಿಕ್ಕಿದೆ.

ವಿಷಯ ಇಷ್ಟು. ಹೋದ ವೈಶಾಖದಲ್ಲಿ ವೀರಭದ್ರನ ಮದುವೆಯಾಯಿತು. ಸೊಸೆ ಶಿವಗಂಗಾ ಭಾಲ್ಕಿಯವಳು, ಅಂದರೆ ಈಗಿನ ನಕಾಶೆಯ ಪ್ರಕಾರ ಮೈಸೂರು ರಾಜ್ಯದವಳು. ನಮ್ಮಲ್ಲಿ ಹೊಸ ಸೊಸೆಯ ಮೊದಲನೆಯ ಸಂಕ್ರಾಂತಿಗೆ ಗಂಡನ ಮನೆಯವರು ಅವಳಿಗೆ ಕರಿಯ ಸೀರೆ ಉಡಿಸಿ, ಸಕ್ಕರೆಯ ಒಡವೆ ತೊಡಿಸಿ, ಓಣಿಯ ಮುತ್ತೈದೆಯರನ್ನೆಲ್ಲ ಕರೆದು ಅರಿಶಿನ ಕುಂಕುಮ ಕೊಡುತ್ತಾರೆ. ಸಕ್ಕರೆಯ ಒಡವೆ ಎಂದರೆ ಕುಸುರೆಳ್ಳಿನದು. ಎಳ್ಳಿನ ಕಾಳಿಗೆ ಸಕ್ಕರೆಯ ಪಾಕವನ್ನು ಹನಿಹನಿಯಾಗಿ ಕುಡಿಸುತ್ತ, ಸಣ್ಣ ಕೆಂಡದ ಮೇಲೆ ಬೆರಳ ತುದಿಯಿಂದ ಆಡಿಸುತ್ತ ಹೋದರೆ, ನಾಲ್ಕೈದು ದಿನಕ್ಕೆ ಒಂದೊಂದು ಕಾಳೂ ಮೈತುಂಬ ಬಿಳಿಯ ಮುಳ್ಳು ಎಬ್ಬಿಸಿಕೊಂಡು ನಿಲ್ಲುತ್ತದೆ. ಅವನ್ನು ದಾರದಲ್ಲಿ ಕಟ್ಟಿ ಹಾರ, ಬಳೆ, ತೋಳಬಂದಿ, ಹಣೆಯ ಬಿಂದಿ ಮಾಡುತ್ತಾರೆ. ಇದು ಬೆಂಕಿಯ ಕೆಲಸವಲ್ಲ, ತಾಳ್ಮೆಯ ಕೆಲಸ ಎಂದು ಬಲ್ಲವರು ಹೇಳುತ್ತಾರೆ. ನನ್ನಲ್ಲಿ ಇದ್ದದ್ದು ಬೆಂಕಿಯೊಂದೇ.

ಆರು ವರ್ಷದ ಹಿಂದೆ ಔರಾದ ಶಹಾಜನಿಯ ಒಂದು ಮದುವೆಯಲ್ಲಿ ನನ್ನ ಮನೆಯವಳು ಪ್ರಯಾಗಬಾಯಿ ಈ ಹುಡುಗಿಯನ್ನು ನೋಡಿ, ಇವಳ ತಾಯಿ ಚಂಪಾಬಾಯಿಯ ಕೈ ಹಿಡಿದು, ಊಟಕ್ಕೆ ಕೂತ ಪಂಕ್ತಿಯ ಎದುರಿಗೇ, 'ಇಕಿ ನನ್ನ ಸೊಸಿ ಆಗ್ತಾಳ ನೋಡ್ರಿ. ಮೊದಲ ಸಂಕ್ರಮಣಕ್ಕ ಇಕಿ ಒಡವಿ ನನ್ನ ಕೈಲೇ ಆಗ್ತಾವ, ಬರದಿಟ್ಕೋರಿ' ಅಂದಿದ್ದಳು. ಸೊಸೆಯನ್ನು ಆರಿಸಿಟ್ಟು, ಒಡವೆಯ ಮಾತು ಕೊಟ್ಟು, ಎರಡೂವರೆ ವರ್ಷದ ಹಿಂದಿನ ಶ್ರಾವಣದಲ್ಲಿ ಜ್ವರ ಬಂದು ಹೋದಳು. ಮಾತನ್ನು ನನಗೆ ಬಿಟ್ಟುಹೋದಳು, ಕೈಯನ್ನು ಬಿಟ್ಟುಹೋಗಲಿಲ್ಲ. ಚಂಪಾಬಾಯಿ ಏನನ್ನೂ ಮರೆಯುವ ಹೆಂಗಸಲ್ಲ. ಈ ಸಂಕ್ರಾಂತಿಗೆ ತಾನೇ ಬರುತ್ತೇನೆ, ಮಗಳ ಒಡವೆ ನೋಡಬೇಕು ಎಂದು ದೀಪಾವಳಿಗೇ ಹೇಳಿ ಕಳಿಸಿದ್ದಳು.

ಈಗ ಮನೆಯಲ್ಲಿ ಹಿರಿಯ ಹೆಂಗಸೆಂದರೆ ನನ್ನ ತಂಗಿ ಬಂಡಮ್ಮ. ಕುಸುರೆಳ್ಳಿನ ವಿದ್ಯೆ ಚೆನ್ನಾಗಿ ಬಲ್ಲವಳು. ಆದರೆ ಗಂಡ ಸತ್ತವಳ ಕೈ ಹೊಸ ಸೊಸೆಯ ಒಡವೆಗೆ ಸಲ್ಲದೆಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು ಹೊಸ್ತಿಲಾಚೆ ಕೂತಳು. ಹಾಗಾದರೆ ಹೆಂಡತಿ ಸತ್ತವನ ಕೈ ಸಲ್ಲುತ್ತದೆಯೇ ಎಂದು ಕೇಳಿದೆ. ಬಹಳ ಹೊತ್ತು ವಿಚಾರ ಮಾಡಿ, 'ಅದಕ್ಕ ಯಾರೂ ಏನೂ ಹೇಳಿಲ್ಲೋ ಅಣ್ಣಾ. ಗಂಡಸು ಶೇಗಡಿ ಮುಂದ ಕೂಡ್ತಾನಂತ ಯಾರಿಗಿ ಗೊತ್ತಿತ್ತು?' ಅಂದಳು. ಕಾಯಿದೆಯ ಈ ಸಂದಿಯಲ್ಲಿ ನಾನು ಒಳಗೆ ನುಗ್ಗಿದೆ. ನುಗ್ಗದೆ ಇರಬಹುದಿತ್ತು. ಪಕ್ಕದ ಮನೆಯ ರಂಭಾಬಾಯಿ ಬಂದು, 'ನಾ ಮಾಡಿ ಕೊಡ್ತೀನಿ ತಗೋರಿ ಮನ್ಮಥಣ್ಣಾ. ಪ್ರಯಾಗಕ್ಕ ಇದ್ದಿದ್ರ ನೀವು ಹಿಂಗ ಇನ್ನೊಬ್ಬರ ಮುಖ ನೋಡ್ತಿದ್ದಿಲ್ಲ, ಪಾಪ' ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು. ನಾನು ಯಾರ ಮುಖವನ್ನೂ ನೋಡಿರಲಿಲ್ಲ, ಅಂಗಳದಲ್ಲಿ ಹಲ್ಲುಜ್ಜುತ್ತಿದ್ದೆ. ಆ 'ಪಾಪ' ಎಂಬ ಒಂದು ಮಾತಿಗೆ ಬಾಯಿ ತೊಳೆಯುವುದಕ್ಕೂ ಮೊದಲೇ, ನಮ್ಮ ಮನೆಯ ಒಡವೆ ನಮ್ಮ ಮನೆಯಲ್ಲೇ ಆಗುತ್ತವೆ ಎಂದುಬಿಟ್ಟೆ.

ಮೂರು ಬೆಳಗು ಚಳಿಯಲ್ಲಿ ಎದ್ದು ಶೇಗಡಿಯ ಕೆಂಡದ ಮುಂದೆ ಕೂತೆ. ಬೆರಳು ಐದೂ ಬೊಬ್ಬೆ ಎದ್ದವು, ಎಳ್ಳಿಗೆ ಮಾತ್ರ ಏನೂ ಏಳಲಿಲ್ಲ. ಹುಟ್ಟಿದ್ದು ಹೇಗೋ ಹಾಗೆಯೇ ಬೋಳಾಗಿ, ಕೊನೆಗೆ ಒಂದಕ್ಕೊಂದು ಅಪ್ಪಿಕೊಂಡು ಉಂಡೆಯಾಗಿ ಕೂತವು. ಸೊಸೆ ನೀರಿನ ಕೊಡ ಹೊತ್ತು ಹಾದುಹೋಗುವಾಗ ಒಮ್ಮೆ ನಿಂತು ನೋಡಿ, ಏನೋ ಹೇಳಲು ಬಾಯಿ ತೆರೆದು, ಸೆರಗು ಬಾಯಿಗೆ ಹಿಡಿದುಕೊಂಡು ಹೋದಳು. ತನ್ನ ಒಡವೆಯನ್ನು ತಾನೇ ಮಾಡಿಕೊಳ್ಳುವ ಸೊಸೆ ಎಲ್ಲಿಯೂ ಇಲ್ಲ. ಅದರ ಬಗ್ಗೆ ಮಾತೆತ್ತುವುದೂ ಪದ್ಧತಿಯಲ್ಲ. ಹಬ್ಬಕ್ಕೆ ನಾಲ್ಕು ದಿನ ಉಳಿದಿತ್ತು.

ಇಂಥ ಹೊತ್ತಿನಲ್ಲಿ ತಾವು ಬಂದಿರಿ. ಬಂಡಮ್ಮ ಭಜಿ ಕರಿಯಲೆಂದು ತಮ್ಮ ಸೋಡಾದ ಹೊಸ ಡಬ್ಬಿ ಒಡೆದಳು, ಒಳಗಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ಜಾರಿ ಬಿತ್ತು. ಇಂಗ್ಲಿಷಿನದೆಂದು ಒಲೆಗೆ ಹಾಕುವವಳಿದ್ದಳು. ಕಸಿದುಕೊಂಡೆ. 'ಹನಿಕೋಂಬ್ ಟಾಫಿ', ಎಂದರೆ ಜೇನುಗೂಡಿನ ಮಿಠಾಯಿ. ಅದರಲ್ಲಿ ಜೇನೂ ಇಲ್ಲ ಹುಳವೂ ಇಲ್ಲ, ಗೂಡು ಮಾತ್ರ ಇದೆ. ಮೇಲೊಬ್ಬಳು ಮೇಮ್‌ಸಾಹೇಬಳ ಚಿತ್ರ, ಅವಳ ಕೈಯಲ್ಲಿ ಅಕ್ಕಸಾಲಿಗನ ಸುತ್ತಿಗೆಯಷ್ಟು ಸುತ್ತಿಗೆ, ಎದುರಿಗೆ ಬಂಗಾರದ ಬಣ್ಣದ ಗಡ್ಡೆ. ಕೆಳಗೆ ದಪ್ಪ ಅಕ್ಷರದಲ್ಲಿ 'ಸಿಂಪಲ್, ಟೆನ್ ಮಿನಿಟ್ಸ್, ನೆವರ್ ಫೇಲ್ಸ್'. ಎಂದೂ ಫೇಲಾಗುವುದಿಲ್ಲ! ಎರಡು ಸಲ ಫೇಲಾದ ಒಬ್ಬ ಮನುಷ್ಯನ ಮನಸ್ಸನ್ನು ಮುಂಬಯಿಯಲ್ಲಿ ಕುಳಿತೇ ಇಷ್ಟು ಚೆನ್ನಾಗಿ ಅರಿತ ತಮ್ಮ ಕಂಪನಿಯ ದೂರದೃಷ್ಟಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಬಂಗಾರದ ಬಣ್ಣ ನೋಡಿದೊಡನೆ ನನ್ನ ತಲೆಯಲ್ಲಿ ಒಡವೆ ಮೂಡಿತು. ಎಳ್ಳಿನ ಬಿಳಿಯ ಒಡವೆಯನ್ನು ಎಲ್ಲರೂ ಕಂಡಿದ್ದಾರೆ; ಬಂಗಾರದಂಥ ಸಕ್ಕರೆಯ ಒಡವೆಯನ್ನು ಭಾಲ್ಕಿಯವರು ಎಲ್ಲಿ ಕಂಡಿರುತ್ತಾರೆ?

ತಮ್ಮ ಕಾಗದ 'ಗೋಲ್ಡನ್ ಸಿರಪ್' ಕೇಳಿತು. ಆ ಹೆಸರಿನವರು ನಿಲಂಗಾದಲ್ಲಿ ಯಾರೂ ಇಲ್ಲ. ಔರಾದ ಸಂತೆಯಿಂದ ತಂದ ಕಾಕವಿಯನ್ನು, ಎಂದರೆ ಗಟ್ಟಿಯಾಗದ ನೀರು ಬೆಲ್ಲವನ್ನು, ಅವರ ಜಾಗದಲ್ಲಿ ನಿಲ್ಲಿಸಿದೆ. ಆಮೇಲೆ ಪಾಕವನ್ನು ಮುನ್ನೂರು ಡಿಗ್ರಿ ಬರುವವರೆಗೆ ಕುದಿಸಿರಿ, ಥರ್ಮಾಮೀಟರಿನಿಂದ ನೋಡಿರಿ ಎಂದಿತು. ಮಾನ್ಯರೇ, ನಮ್ಮ ಮನೆಯಲ್ಲಿ ಥರ್ಮಾಮೀಟರ್ ಇದೆ. ಒಂದು. ಪ್ರಯಾಗಬಾಯಿಯ ಕಾಯಿಲೆಗೆಂದು ಉದಗೀರದ ಡಾಕ್ಟರರಿಂದ ತರಿಸಿದ್ದು. ಅದು ನೂರ ಹತ್ತಕ್ಕೆ ಮುಗಿಯುತ್ತದೆ. ಮೂರು ವಾರ ದಿನಕ್ಕೆ ನಾಲ್ಕು ಸಲ ಅದನ್ನು ಬೆಳಕಿಗೆ ಹಿಡಿದು ನೋಡಿದ್ದೇನೆ. ತಮ್ಮ ಮುನ್ನೂರನ್ನು ಕಂಡ ಮನೆ ಇದಲ್ಲ, ನೂರ ನಾಲ್ಕಕ್ಕೇ ನಮ್ಮ ಮನೆ ಖಾಲಿಯಾಯಿತು. ನೂರ ಹತ್ತರಿಂದ ಮುನ್ನೂರರವರೆಗಿನ ಜಾಗದಲ್ಲಿ ಮನುಷ್ಯರು ಏನನ್ನು ಹಿಡಿದು ನಡೆಯಬೇಕೆಂದು ತಮ್ಮ ಕಾಗದದಲ್ಲಿ ಎಲ್ಲಿಯೂ ಬರೆದಿಲ್ಲ. ಬಂಡಮ್ಮ ಹೊಸ್ತಿಲಾಚೆಯಿಂದಲೇ, 'ತಣ್ಣೀರಾಗ ಒಂದು ಹನಿ ಬಿಡು. ಕಲ್ಲಾಗಿ ಟಣ್ ಅಂದ್ರ ಆಯ್ತು. ಅದಕ್ಕ್ಯಾಕ ಕಾಲೇಜು?' ಅಂದಳು. ಟಣ್ ಎಂದಿತು.

ಮೊದಲನೆಯ ಸಲ ಸೋಡಾ ಹಾಕಿದ ಕೂಡಲೇ ಪಾಕ ಬೆಳ್ಳಗೆ ಉಸಿರೆಳೆದುಕೊಂಡು ಮೇಲೆದ್ದಿತು. ನಮ್ಮ ಮನೆಗಳಲ್ಲಿ ಪಾಕ ಏನೇ ಮಾಡಲಿ ಅದನ್ನು ತಿರುವುತ್ತಲೇ ಇರಬೇಕು, ಕೈ ಬಿಟ್ಟರೆ ಕೆಟ್ಟಿತೆಂದೇ ಲೆಕ್ಕ, ಹಾಗೆಯೇ ತಿರುವಿದೆ. ಉಸಿರೆಲ್ಲ ಹೋಗಿ ಕಲ್ಲಾಯಿತು. ಅಂಗಡಿಯ ಕಬ್ಬಿಣದ ಗಜಕಡ್ಡಿಯಿಂದ ಹೊಡೆದೆ. ಇಪ್ಪತ್ತು ವರ್ಷ ಬಟ್ಟೆ ಅಳೆದರೂ ನೆಟ್ಟಗೇ ಇದ್ದ ಕಡ್ಡಿ ಬಾಗಿತು, ಟಾಫಿ ಬಾಗಲಿಲ್ಲ. ತಿರುವಬಾರದೆಂದು ತಾವು ಆರನೆಯ ಸಾಲಿನಲ್ಲಿ ಬರೆದಿದ್ದಿರಿ, ಒಪ್ಪುತ್ತೇನೆ. ಆರನೆಯ ಸಾಲು ಮಡಿಕೆಯ ಒಳಗಿತ್ತು.

ಎರಡನೆಯ ಸಲ ತಿರುವಲಿಲ್ಲ. ಪಾಕ ಏರಿತು, ಅಂಚಿಗೆ ಬಂತು, ಅಂಚು ದಾಟಿತು. ಇಲ್ಲಿ ನಮ್ಮ ಪದ್ಧತಿಯೊಂದನ್ನು ತಮಗೆ ತಿಳಿಸಬೇಕು. ರಥಸಪ್ತಮಿಯ ದಿನ ನಾವು ಅಂಗಳದಲ್ಲಿ ಹಾಲು ಉಕ್ಕಿಸುತ್ತೇವೆ. ಉಕ್ಕುವಾಗ ತಡೆಯಬಾರದು, ಯಾವ ದಿಕ್ಕಿಗೆ ಉಕ್ಕಿತೆಂದು ನೋಡಿ ವರ್ಷದ ಭಾಗ್ಯ ಹೇಳುತ್ತಾರೆ. ಬಂಡಮ್ಮ ಹೊಸ್ತಿಲಲ್ಲೇ ಎದ್ದು ನಿಂತು, 'ಉಕ್ಕಿತು! ಮೂಡಣಕ್ಕ ಉಕ್ಕಿತು! ತಡೀಬ್ಯಾಡೋ ಅಣ್ಣಾ, ಹರೀಲಿ ಬಿಡು!' ಎಂದು ಕೈ ಮುಗಿದಳು. ನನ್ನ ಕೈಯೂ ತಾನಾಗಿ ಮುಗಿಯಿತು. ನಾವಿಬ್ಬರೂ ಕೈ ಮುಗಿದು ನಿಂತಿರುವಂತೆಯೇ ತಮ್ಮ ಜೇನುಗೂಡು ಪಾತ್ರೆ ಬಿಟ್ಟು ಶೇಗಡಿಗೆ, ಶೇಗಡಿ ಬಿಟ್ಟು ನೆಲಕ್ಕೆ, ನೆಲದಲ್ಲಿ ಮೂಡಣ ದಿಕ್ಕಿಗೆ ಹರಿದು ಹೋಗಿ ಗಟ್ಟಿಯಾಯಿತು. ಆ ಶೇಗಡಿ ಈಗ ನೆಲ ಬಿಟ್ಟು ಏಳುವುದಿಲ್ಲ. ನಮಗೆ ಈ ವರ್ಷ ಬಹಳ ಭಾಗ್ಯವಿದೆಯೆಂದು ಬಂಡಮ್ಮ ಹೇಳುತ್ತಾಳೆ.

ಮೂರನೆಯ ಸಲ, ಹಬ್ಬದ ದಿನ ಬೆಳಗಿನ ಜಾವಕ್ಕೆ, ಮಾನ್ಯರೇ, ಅದು ಆಯಿತು. ತುಪ್ಪ ಸವರಿದ ಅಗಲ ತಟ್ಟೆಯಲ್ಲಿ, ನಮ್ಮ ಪರಾತದಲ್ಲಿ, ಸುರಿದೆ. ಹೊಂಬಣ್ಣದ್ದು, ಮುರಿದರೆ ಒಳಗೆಲ್ಲ ತೂತು ತೂತಾಗಿ, ಹಗುರಾಗಿ, ಥೇಟು ಜೇನುಗೂಡು. ಬಿಸಿ ಆರುವ ಮೊದಲೇ ಅಂಗಡಿಯ ಕತ್ತರಿಯಿಂದ ಕತ್ತರಿಸಿ, ದಬ್ಬಣದಿಂದ ತೂತು ಮಾಡಿ ಹಾರ, ಬಳೆ, ತೋಳಬಂದಿ, ಸೊಂಟಪಟ್ಟಿಯವರೆಗೆ ಎಲ್ಲ ಪೋಣಿಸಿದೆ. ಹಣೆಯ ಬಿಂದಿ ಮಾತ್ರ ಆಗಲಿಲ್ಲ. ಅಷ್ಟು ಸಣ್ಣ ತುಂಡಿಗೆ ದಬ್ಬಣ ಚುಚ್ಚಿದರೆ ಪುಡಿಯಾಗುತ್ತಿತ್ತು. ಆಗ ಪ್ರಯಾಗಬಾಯಿಯ ತಗಡಿನ ಡಬ್ಬಿ ತೆಗೆದೆ. ಎರಡೂವರೆ ವರ್ಷದಿಂದ ಅದನ್ನು ನಾನು ತೆಗೆದಿರಲಿಲ್ಲ. ಒಳಗೆ ಕರಿಯ ದಾರದ ಉಂಡೆ, ಸೂಜಿ, ಒಂದಿಷ್ಟು ಜರಿಯ ಕಾಗದ, ಮತ್ತು ಅವಳು ತನ್ನ ಕೊನೆಯ ಸಂಕ್ರಾಂತಿಗೆ ಮಾಡಿದ ಕುಸುರೆಳ್ಳು, ಒಂದು ದೊಡ್ಡ ಹಿಡಿಯಷ್ಟು. ಮೂರು ವರ್ಷವಾದರೂ ಅಚ್ಚ ಬಿಳುಪು, ಒಂದು ಮುಳ್ಳೂ ಬಾಗಿರಲಿಲ್ಲ. ಹನ್ನೊಂದು ಕಾಳು ಎ​ಣಿಸಿ ತೆಗೆದು ಬಿಂದಿ ಕಟ್ಟಿ, ಡಬ್ಬಿಯನ್ನು ಮುಚ್ಚಿಟ್ಟೆ. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದೇನೂ ಇರಲಿಲ್ಲ, ಬೇಕಾದದ್ದು ಹನ್ನೊಂದು ಸಣ್ಣ ಕಾಳು.

ಸಂಕ್ರಾಂತಿಯ ಮಧ್ಯಾಹ್ನ ಶಿವಗಂಗಾಳನ್ನು ಕರಿಯ ಸೀರೆಯಲ್ಲಿ ಒಳ ಅಂಗಳದ ಮಣೆಯ ಮೇಲೆ ಕೂರಿಸಿದರು. ಗಂಡಸರು ಅಲ್ಲಿಗೆ ಹೋಗುವ ಹಾಗಿಲ್ಲವಾದ್ದರಿಂದ ನಾನು ಪಡಸಾಲೆಯಲ್ಲಿ ಕೂತು, ಬಾಗಿಲ ಸಂದಿಯ ಎದುರಿಗೇ ಗೋಡೆಗೆ ಒರಗಿದ್ದೆ. ಅಲ್ಲಿ ಗೋಡೆ ತಂಪಾಗಿರುತ್ತದೆ. ಮೊದಲು ಎಲ್ಲವೂ ತಮ್ಮ ಕಾಗದದಂತೆಯೇ ನಡೆಯಿತು. 'ಅಗಬಾಯಿ, ಬಂಗಾರಲೇ ಮಾಡ್ಯಾರೇನು!' ಎಂದು ಬಂದವರೆಲ್ಲ ಬಾಯಿ ಮೇಲೆ ಕೈಯಿಟ್ಟರು. ರಂಭಾಬಾಯಿಗಂತೂ ಎರಡು ನಿಮಿಷ ಮಾತೇ ಹೊರಡಲಿಲ್ಲ, ಅದು ಓಣಿಯ ಇತಿಹಾಸದಲ್ಲಿ ಮೊದಲು. ಆ ಎರಡು ನಿಮಿಷಕ್ಕಾಗಿ ತಮ್ಮ ಕಂಪನಿಗೆ ನನ್ನ ಕೃತಜ್ಞತೆ ಸಲ್ಲಲೇಬೇಕು.

ಮೂರನೆಯ ನಿಮಿಷಕ್ಕೆ ಟಾಫಿ ಬೆವರಲು ಶುರುವಾಯಿತು. ಮೇಲೆ ಬಿಸಿಲು, ಸುತ್ತ ನಲವತ್ತು ಹೆಂಗಸರ ಉಸಿರು, ಮಧ್ಯದಲ್ಲಿ ತಮ್ಮ ಜೇನುಗೂಡು. ಹಾರ ಸೆರಗಿಗೆ ಅಂಟಿತು, ತೋಳಬಂದಿ ತೋಳಿಗೆ ಅಂಟಿತು, ಸೊಂಟಪಟ್ಟಿ ಮಣೆಗೂ ಸೊಸೆಗೂ ಹೊಸ ಸಂಬಂಧ ಬೆಳೆಸಿತು. ಆಮೇಲೆ ಇರುವೆಗಳು ಬಂದವು, ಅರಿಶಿನ ಕುಂಕುಮಕ್ಕೆ ಕರೆಸಿಕೊಂಡವರ ಹಾಗೆ ಸಾಲಾಗಿ, ಶಿಸ್ತಿನಿಂದ. ಅವಳು ಅಲ್ಲಾಡಲಿಲ್ಲ. ಕುತ್ತಿಗೆಯ ಮೇಲೆ ಇರುವೆ ಹರಿಯುತ್ತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿತ್ತು. ಆರತಿ ಮುಗಿಯುವವರೆಗೂ ಮುಖದ ಮೇಲಿನ ನಗೆ ಹಾಗೇ ಇಟ್ಟುಕೊಂಡು ಕೂತಿದ್ದಳು. ಚಂಪಾಬಾಯಿ ಮಗಳ ಪಕ್ಕಕ್ಕೆ ಬಂದು ಬಗ್ಗಿ ನೋಡಿ, 'ಬಂಡಮ್ಮಕ್ಕಾ, ಮುಂಬೈ ರಾಜ್ಯದಾಗ ಒಡವಿ ಹಿಂಗೇ ಸೋರ್ತಾವೇನ್ರಿ?' ಅಂದಳು. ಸುಣ್ಣದ ಗೋಡೆ ಎಷ್ಟು ತಂಪಾಗಿದ್ದರೂ ನನ್ನ ಬೆನ್ನು ಬೆವರಿತು. ಪ್ರಯಾಗಬಾಯಿಯ ಮಾತಿಗೆ ಆಗಬೇಕಾದ ಅವಮಾನವೆಲ್ಲ ಆ ಹೊತ್ತಿಗೆ ಆಗಿಹೋಗಿತ್ತು.

ಆಗ ಒಂದು ಸಪ್ಪಳ ಕೇಳಿತು. ಕರಕ್.

ಈ ಸಪ್ಪಳದ ವಿಷಯ ತಮ್ಮ ಕಾಗದದಲ್ಲಿ ಒಂದಕ್ಷರವೂ ಇಲ್ಲವೆಂಬುದನ್ನು ನಾನು ವಿಶೇಷವಾಗಿ ಪ್ರತಿಭಟಿಸುತ್ತೇನೆ. ನಮ್ಮ ಸೊಸೆ, ಮಣೆಯ ಮೇಲಿನ ಸೊಸೆ, ತನ್ನ ಎಡಗೈಯ ಬಳೆಯನ್ನು ಮುರಿದು ಬಾಯಿಗೆ ಹಾಕಿಕೊಂಡಿದ್ದಳು. ನಲವತ್ತು ಹೆಂಗಸರು ಅವಳ ಕಡೆ ತಿರುಗಿದರು. ಅವಳು ಅಗಿದಳು. ಸುಮ್ಮನಿದ್ದ ಮನೆಯಲ್ಲಿ ಆ ಅಗಿತ ಗಾಣದ ಹಾಗೆ ಕೇಳಿತು. ನುಂಗಿ, ತಾಯಿಯ ಕಡೆ ನೋಡಿ, 'ಏ ಅವ್ವಾ, ಸೋರೂದಕ್ಕ ಮೊದಲ ತಿನ್ನಬೇಕು ಇದಕ್ಕ. ತಗೋ, ನೀನೂ ನೋಡು' ಎಂದು ತೋಳಬಂದಿಯನ್ನು ಮುಂದೆ ಮಾಡಿದಳು. ಚಂಪಾಬಾಯಿ ತುಂಡೊಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ಕರಕ್. ಹುಬ್ಬು ಮೇಲೆ ಹೋಯಿತು. ಇನ್ನೊಂದು ಮುರಿದಳು. ರಂಭಾಬಾಯಿ, 'ಬೀಗರಿಗಷ್ಟೇ ಏನ್ರಿ? ನಾವು ಓಣ್ಯಾಗಿನವ್ರು ಸತ್ತೀವೇನು?' ಎಂದು ಹಾರಕ್ಕೆ ಕೈ ಹಾಕಿದಳು. ಆಮೇಲೆ ಯಾರ ಕೈ ಎಲ್ಲಿತ್ತೆಂದು ಹೇಳಲಾರೆ. ರಜಾಕಾರರ ಗಲಾಟೆಯ ದಿನಗಳಲ್ಲೂ ಒಂದು ಕಡ್ಡಿ ಕಳೆದುಕೊಳ್ಳದ ಮನೆ ನಮ್ಮದು; ಅರಿಶಿನ ಹಚ್ಚಿದ ಕೈಗಳು ಹತ್ತು ನಿಮಿಷದಲ್ಲಿ ನಮ್ಮ ಸೊಸೆಯ ಮೈಮೇಲಿನ ಒಡವೆಯನ್ನೆಲ್ಲ ಕಿತ್ತು ತಿಂದವು, ಅವಳು 'ಏ, ಗುದುಗುಲಿ ಆಗ್ತದ, ಬಿಡ್ರೇ' ಎಂದು ಕಚಗುಳಿಗೆ ನಗುತ್ತ ಕೂತಿದ್ದಳು. ಅವಳ ನಗೆಗೆ ಬಂಡಮ್ಮನ ನಗೆ ಕೂಡಿತು. ಬಂಡಮ್ಮನ ನಗೆ ಹೇಗಿರುತ್ತದೆಂಬುದೇ ನನಗೆ ಮರೆತುಹೋಗಿತ್ತು. ಸದ್ದಿಲ್ಲದ ಮನೆಗೆ ಹೊಂದಿಕೊಂಡು ಎರಡೂವರೆ ವರ್ಷ ಕಷ್ಟಪಟ್ಟ ಒಬ್ಬ ಮನುಷ್ಯನಿಗೆ ಇದರಿಂದ ಎಷ್ಟು ತೊಂದರೆಯಾಗಿರಬಹುದೆಂದು ತಾವೇ ವಿಚಾರಿಸಿರಿ.

ಯಾರದೋ ಕೈ ಹಣೆಯ ಬಿಂದಿಗೆ ಹೋಯಿತು. ಶಿವಗಂಗಾ ಥಟ್ಟನೆ ಅಂಗೈ ಅಡ್ಡ ಹಿಡಿದಳು. 'ಇದಕ್ಕ ಕೈ ಹಚ್ಚಬ್ಯಾಡ್ರಿ. ಇದು ಮಾವಾರ ಕೈದಲ್ಲ.'

ನನ್ನ ಕೈಗಾರಿಕೆಯ ಮೇಲೆ ಇಷ್ಟು ಚೆನ್ನಾದ ಅಭಿಪ್ರಾಯ ಕೇಳಿ ಎಲ್ಲರೂ ಮತ್ತೆ ನಕ್ಕರು. ಚಂಪಾಬಾಯಿ ನಗಲಿಲ್ಲ. ಮಗಳ ಅಂಗೈಯನ್ನು ಸರಿಸಿ, ಬಿಂದಿಯನ್ನು ಮೂಗಿನ ಹತ್ತಿರ ತಂದು ನೋಡಿದಳು. 'ಮುಳ್ಳು ನೋಡ್ರೇ, ಹ್ಯಾಂಗ ನಿಂತಾವ' ಅಂದಳು. ಬಿಂದಿಯನ್ನು ಮಗಳ ಹಣೆಯ ಮೇಲೆ ಸರಿಯಾಗಿ ಕೂರಿಸಿ, 'ಔರಾದದಾಗ ಹೇಳಿದ್ಲು ಆಕಿ. ಮಾತು ಉಳಿಸಿಕೊಂಡಳ ನೋಡು' ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಬಾಗಿಲ ಸಂದಿ ಬಿಟ್ಟು ಅಂಗಡಿಗೆ ಹೋದೆ. ಹಬ್ಬದ ದಿನ ಅಂಗಡಿ ಮುಚ್ಚಿರುತ್ತದೆ, ಆದರೂ ಹೋದೆ. ಈ ಪ್ರಸಂಗದಲ್ಲಿ ತಮ್ಮ ಕಂಪನಿಯ ಪಾಲು ಏನೂ ಇಲ್ಲವಾದ್ದರಿಂದ ಇದನ್ನು ಇಲ್ಲಿಗೆ ಬಿಡುತ್ತೇನೆ.

ಈಗ ನನ್ನ ದೂರುಗಳು. ಹಬ್ಬ ಕಳೆದು ವಾರವಾಯಿತು, ಓಣಿಯ ಹೆಂಗಸರು ದಿನಕ್ಕೊಬ್ಬರು ಬಟ್ಟಲು ಹಿಡಿದು ಬಂದು, 'ಮನ್ಮಥಣ್ಣಾ, ಆ ಕರಕ್ ಅನ್ನೂದು ಒಂದಿಷ್ಟು' ಎನ್ನುತ್ತಾರೆ. ಮೂವತ್ತೈದು ವರ್ಷ ಬಟ್ಟೆ ಮಾರಿ ಗಳಿಸಿದ ನನ್ನ ಮರ್ಯಾದೆ ಒಂದು ಚಮಚ ಸೋಡಾದಲ್ಲಿ ಉಕ್ಕಿ ಹೋಯಿತು; ಜಳಕೋಟದಿಂದ ಧೋತರಕ್ಕೆ ಬಂದ ಗಿರಾಕಿ ಕೂಡ ಮೊದಲು ಟಾಫಿ ಕೇಳಿ ಆಮೇಲೆ ಧೋತರ ಕೇಳಿದ. ಆದ್ದರಿಂದ ತಾವು ದಯಮಾಡಿ ಜ್ವರದ ಥರ್ಮಾಮೀಟರ್ ನಿಲ್ಲುವಲ್ಲಿಂದ ಶುರುವಾಗುವ ಇನ್ನೊಂದು ಥರ್ಮಾಮೀಟರನ್ನು ಪ್ರತಿ ಡಬ್ಬಿಯೊಡನೆ ಇಡಬೇಕು. ಬಾಗಿದ ಗಜಕಡ್ಡಿಯಲ್ಲಿ ಅಳೆದರೆ ಬಟ್ಟೆ ಯಾರ ಪಾಲಿಗೆ ಹೆಚ್ಚು ಬರುತ್ತದೆಂದು ಸರ್ಕಾರಕ್ಕೆ ಪ್ರಮಾಣ ಬರೆದುಕೊಡಬೇಕು. ಇರುವೆಗಳಿಗೆ ಓದಲು ಬರುವ ಭಾಷೆಯಲ್ಲಿ ಒಂದು ಎಚ್ಚರಿಕೆಯ ಚೀಟಿ ಅಚ್ಚು ಹಾಕಿಸಬೇಕು. ಮೇಮ್‌ಸಾಹೇಬಳನ್ನು ಒಂದು ಸಲ ನಿಲಂಗಾಕ್ಕೆ ಕಳಿಸಿ, ನಮ್ಮ ಶೇಗಡಿಯನ್ನು ಆ ಚಿಕ್ಕ ಸುತ್ತಿಗೆಯಿಂದ ನೆಲದಿಂದ ಬಿಡಿಸಿಕೊಡಿಸಬೇಕು.

ಇವೆಲ್ಲ ಸಣ್ಣವು. ದೊಡ್ಡದು ತಮ್ಮ ಕಾಗದದ ಕೊನೆಯ ಸಾಲು. 'ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಉಳಿಯುತ್ತದೆ' ಎಂಬರ್ಥದ ಇಂಗ್ಲಿಷ್ ಅಲ್ಲಿದೆ. ಹಬ್ಬದ ದಿನ ಒಂದು ತುಂಡನ್ನು ನಾನು ಬಚ್ಚಿಟ್ಟಿದ್ದೆ, ಇರಲಿ ಎಂದು, ಆ ಸಪ್ಪಳದ ನೆನಪಿಗೆ ಎಂದು. ಬೆಳಿಗ್ಗೆ ನೋಡಿದರೆ ಒಂದು ತೊಟ್ಟು ಕಂದು ನೀರು. ಇದನ್ನು ಹೇಳಿದಾಗ ಸೊಸೆ, 'ಅದು ಇಡೂದಲ್ರಿ ಮಾವಾ, ತಿನ್ನೂದು' ಅಂದಳು. ಇಡುವುದು ಬೇರೆ, ಆ ತಗಡಿನ ಡಬ್ಬಿಯಲ್ಲಿದೆ ಎಂದು ನಾನು ಅಂದೆ. ಅನ್ನಬಾರದಿತ್ತು.

ಏಕೆಂದರೆ ಮೊನ್ನೆಯಿಂದ ಅವಳು ಆ ಡಬ್ಬಿ ಕೇಳುತ್ತಿದ್ದಾಳೆ. ಕುಸುರೆಳ್ಳು ಅವಳಿಗೆ ಚೆನ್ನಾಗಿ ಬರುತ್ತದಂತೆ. ನನ್ನ ಬೋಳು ಎಳ್ಳು ನೋಡಿ ಮೂರು ದಿನ ನಗು ತಡೆದುಕೊಂಡು ಹೊಟ್ಟೆನೋವು ಬಂದಿತ್ತಂತೆ. ಹಬ್ಬ ಮುಗಿದಿದೆ, ಈಗ ಅವಳ ಕೈಗೆ ಯಾವ ಅಡ್ಡಿಯೂ ಇಲ್ಲ. ಹಳೆಯ ಕಾಳನ್ನು ಮತ್ತೆ ಪರಾತಕ್ಕೆ ಹಾಕಿ ಪಾಕ ಕುಡಿಸಿದರೆ ಹಳೆಯ ಮುಳ್ಳಿನ ಮೇಲೇ ಹೊಸ ಮುಳ್ಳು ಏಳುತ್ತದೆ, ಕಾಳು ಎರಡರಷ್ಟಾಗುತ್ತದೆ ಎನ್ನುತ್ತಾಳೆ. 'ಅತ್ತೀದು ಒಳಗ ಇರ್ತದ್ರಿ ಮಾವಾ, ಎಲ್ಲೂ ಹೋಗಂಗಿಲ್ಲ. ಮ್ಯಾಲ ನಂದು. ರಥಸಪ್ತಮಿಗಿ ಓಣಿ ತುಂಬ ಹಂಚೂಣು.' ಒಳಗೆ ಇರುತ್ತದೆ ಎಂಬುದು ಸರಿ. ಆದರೆ ಕಾಣುವುದಿಲ್ಲ. ಹಂಚಿದ ಮೇಲೆ ಇರುವುದೂ ಇಲ್ಲ. ಕೊಡದಿದ್ದರೆ ನನ್ನ ಹತ್ತಿರ ಒಂದು ಹಿಡಿ ಇರುತ್ತದೆ, ಬಿಳಿಯದು, ಮುಳ್ಳು ಬಾಗದ್ದು. ನಿನ್ನೆಯೂ ಇದೇ ಹೊತ್ತಿಗೆ ಅಡಿಗೆಮನೆಯಿಂದ ಕರೆದಳು. ಮುಂಬಯಿಗೆ ಮಹತ್ವದ ಪತ್ರ ಬರೆಯುತ್ತಿದ್ದೇನೆ ಎಂದು ಹೇಳಿದೆ. ಇಂದೂ ಅದನ್ನೇ ಹೇಳಿದ್ದೇನೆ. ಮಾನ್ಯರೇ, ತಮಗೆ ನಾನು ಬರೆಯುತ್ತಿರುವುದು ಮಂಡಿಯ ಮೇಲೆ ಆ ಡಬ್ಬಿಯನ್ನಿಟ್ಟು, ಅದರ ಮುಚ್ಚಳದ ಮೇಲೆ ಹಾಳೆಯನ್ನಿಟ್ಟು. ಇಷ್ಟು ಉದ್ದದ ಪತ್ರ ತಮಗೆ ಏಕೆ ಬಂತೆಂದು ತಾವು ಈಗ ಅರ್ಥ ಮಾಡಿಕೊಂಡಿರಬಹುದು.

ಸಾಲುಗಳು ಮಸುಕಾಗುತ್ತಿವೆ. ಕನ್ನಡಕದ ದೋಷವೆಂದುಕೊಂಡಿದ್ದೆ, ತಲೆಯೆತ್ತಿ ನೋಡಿದರೆ ಬಿಸಿಲು ಅಂಗಳ ಬಿಟ್ಟು ರಂಭಾಬಾಯಿಯ ಮಾಳಿಗೆಯ ಅಂಚಿಗೆ ಹೋಗಿದೆ. ಒಳಗಿನಿಂದ ಸೊಸೆ, 'ಬೆಳಕು ಹೊಂಟದ್ರಿ ಮಾವಾ. ಕತ್ತಲಾಗ ಮುಳ್ಳು ಏಳೂದು ಕಾಣಂಗಿಲ್ಲ. ಪಾಕ ಹನಿ ಬಿಡ್ಲಿಕ್ಕ ಒಂದು ಕೈ ಬೇಕು' ಎನ್ನುತ್ತಿದ್ದಾಳೆ. ಬೇರೆ ಯಾವುದನ್ನಾದರೂ ಹಾಳೆಯ ಕೆಳಗೆ ಇಟ್ಟುಕೊಂಡು ಇನ್ನೆರಡು ಪುಟ ಬರೆಯಬಹುದಿತ್ತು. ಆದರೆ ಮನೆಯಲ್ಲಿ ಇಷ್ಟು ಸಪಾಟಾದ ವಸ್ತು ಬೇರೆ ಇಲ್ಲ, ಇದನ್ನು ಈಗ ಒಳಗೆ ತೆಗೆದುಕೊಂಡು ಹೋಗಬೇಕಾಗಿದೆ.

ಕಾಗದವೊಂದನ್ನು ಬಿಟ್ಟು ಡಬ್ಬಿಯೊಳಗಿನ ಉಳಿದೆಲ್ಲದರಲ್ಲಿ ನಂಬಿಕೆಯಿಟ್ಟಿರುವ,
ತಮ್ಮ ವಿಶ್ವಾಸಿ,
ಮನ್ಮಥಪ್ಪ
ಬಟ್ಟೆ ಅಂಗಡಿ, ನಿಲಂಗಾ

ತಾ. ಕ.: ತಮ್ಮ ಸೋಡಾ ಮುಗಿದಿದೆ. ಓಣಿಯವರ ಬಟ್ಟಲುಗಳು ಬಾಗಿಲಲ್ಲಿ ಕಾದಿರುವುದರಿಂದ ಇನ್ನೊಂದು ಡಬ್ಬಿಯನ್ನು ಕೂಡಲೇ ಕಳಿಸಿರಿ. ಒಳಗೆ ಮೇಮ್‌ಸಾಹೇಬಳ ಕಾಗದ ಇಡುವ ತೊಂದರೆ ತೆಗೆದುಕೊಳ್ಳಬೇಡಿರಿ. ಟಣ್ ಎನ್ನುವವರೆಗೆ ಕುದಿಸಬೇಕು, ಉಕ್ಕಿದರೆ ಕೈ ಮುಗಿಯಬಾರದು, ಆದ ದಿನವೇ ತಿನ್ನಬೇಕು. ತಾವು ನಾಲ್ಕು ಮಡಿಕೆಯಲ್ಲಿ ಹೇಳಲಾಗದ್ದು ಇಷ್ಟೇ. ಬೇಕಾದರೆ ಇದನ್ನು ಅಚ್ಚು ಹಾಕಿಸಿಕೊಳ್ಳಬಹುದು, ನನ್ನ ಅಭ್ಯಂತರವಿಲ್ಲ.